ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸುವ ಬಗೆ

ಬಸ್ಸಿನಲ್ಲಿ ಚಾಲಕರ ಹತ್ತಿರದ ಸೀಟು ಸಿಕ್ಕಿದರೆ ಅವರ ಕೈಕಾಲುಗಳ ಕೆಲಸವನ್ನು ನೋಡುತ್ತ ಕೂರುವುದು ನಿಮ್ಮಲ್ಲಿ ಹಲವರಿಗೆ ಇಷ್ಟವಿರಬಹುದು. ಎಡಗಾಲು ಕ್ಲಚ್ ಒತ್ತುತ್ತದೆ, ಎಡಗೈ ಗೇರ್ ರಾಡನ್ನು ತಳ್ಳುತ್ತದೆ, ಬಲಗಾಲು ಆಕ್ಸಿಲರೇಟರನ್ನು ಹದವಾಗಿ ಬಿಡುತ್ತದೆ. ಘಾಟಿಯ ಏರಿನಲ್ಲಿ ಈ ಮೂರೂ ಕೆಲಸ ನಿಮಿಷಕ್ಕೆ ಹಲವು ಬಾರಿ ನಡೆಯುತ್ತದೆ. ಆದರೆ ಬೆಂಗಳೂರಿನ ವೋಲ್ವೊ ನಗರ ಬಸ್ಸುಗಳಲ್ಲಿ ಕುಳಿತವರು ಬೇರೆಯೇ ದೃಶ್ಯವನ್ನು ನೋಡಿರುತ್ತಾರೆ. ಅಲ್ಲಿ ಕ್ಲಚ್ ಪೆಡಲ್ ಇಲ್ಲ. ಚಾಲಕರ ಎಡಗಾಲಿಗೆ ಕೆಲಸವೇ ಇಲ್ಲ. ಗೇರು ತನ್ನಷ್ಟಕ್ಕೆ ಬದಲಾಗುತ್ತದೆ.

ಹೀಗೆ ತನ್ನಷ್ಟಕ್ಕೆ ಗೇರು ಬದಲಿಸುವ ಪೆಟ್ಟಿಗೆಯ ಒಳಗೆ ಏನಿದೆ? ಅದು ಕೆಟ್ಟಾಗ ಇನ್ನೊಂದನ್ನು ವಾಹನಕ್ಕೆ ಹೇಗೆ ಕೂರಿಸುತ್ತಾರೆ? ಇವೇ ಇಂದಿನ ಮಾತಿನ ವಿಷಯ. ಕೂರಿಸುವುದೆಂದರೆ ಹಳೆಯದನ್ನು ಬಿಚ್ಚಿ, ಹೊಸದನ್ನು ಎತ್ತಿ, ಬೋಲ್ಟು ಬಿಗಿಯುವುದು ಎಂದು ತೋರಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದೆ. ಅದು ಎಷ್ಟು ತಪ್ಪು ಎಂಬುದನ್ನು ಒಬ್ಬ ಮೇಸ್ತ್ರಿ ನನಗೆ ಕಲಿಸಿದರು. ಆ ಸಂಗತಿಗೆ ಆಮೇಲೆ ಬರುತ್ತೇನೆ. ಮೊದಲು ಪೆಟ್ಟಿಗೆಯ ಒಳಗನ್ನು ನೋಡೋಣ.

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಎರಡು ಕೊರತೆಗಳಿವೆ. ಒಂದು, ಅದು ತೀರ ನಿಧಾನವಾಗಿ ತಿರುಗಲಾರದು. ಒಂದು ಮಿತಿಗಿಂತ ಕೆಳಗಿಳಿದರೆ ನಿಂತೇ ಹೋಗುತ್ತದೆ. ಎರಡು, ನಿಂತ ವಾಹನವನ್ನು ಎಬ್ಬಿಸಲು ಬೇಕಾದಷ್ಟು ತಿರುಗುಬಲ ಅದಕ್ಕೆ ನೇರವಾಗಿ ಇರುವುದಿಲ್ಲ. ಈ ತಿರುಗುಬಲಕ್ಕೆ ಟಾರ್ಕ್ ಎಂದು ಹೆಸರು. ಮೊದಲನೆಯ ಕೊರತೆಗೆ ಕ್ಲಚ್ ಉಪಾಯ. ಎಂಜಿನ್ ತಿರುಗುತ್ತಿದ್ದರೂ ಚಕ್ರ ನಿಂತಿರಬಹುದು. ಎರಡನೆಯ ಕೊರತೆಗೆ ಗೇರು ಉಪಾಯ; ವೇಗವನ್ನು ಕಡಿಮೆ ಮಾಡಿಕೊಂಡು ಟಾರ್ಕನ್ನು ಹೆಚ್ಚಿಸಿಕೊಳ್ಳಬಹುದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಈ ಎರಡು ಉಪಾಯಗಳೂ ಬೇರೆ ರೂಪದಲ್ಲಿವೆ.

ಕ್ಲಚ್ಚಿನ ಜಾಗದಲ್ಲಿ ಇರುವುದು ಎಣ್ಣೆ. ಮೇಜಿನ ಮೇಲೆ ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಅದರ ಗಾಳಿಯಿಂದ ಎದುರಿನ ಫ್ಯಾನೂ ಮೆಲ್ಲಗೆ ತಿರುಗತೊಡಗುತ್ತದೆ. ಎರಡನೆಯದರ ರೆಕ್ಕೆಯನ್ನು ಏನಾದರೂ ತಡೆದರೂ ಮೊದಲನೆಯದು ನಿಲ್ಲುವುದಿಲ್ಲ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದೇ ಮುಚ್ಚಿದ ಉಕ್ಕಿನ ಗುಂಡಾಲಿಯಲ್ಲಿ ಹತ್ತಿರ ಹತ್ತಿರ ಇಟ್ಟರೆ ದ್ರವ ಜೋಡಣೆ ಸಿದ್ಧವಾಗುತ್ತದೆ. ಜರ್ಮನಿಯ ಹೆರ್ಮನ್ ಫ್ಯೋಟಿಂಗರ್ ಎಂಬ ಎಂಜಿನಿಯರ್ ಈ ತತ್ವಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಅವರ ಮನಸ್ಸಿನಲ್ಲಿದ್ದುದು ಕಾರಲ್ಲ, ಹಡಗು. ಅತಿ ವೇಗದ ಉಗಿ ಟರ್ಬೈನಿಗೂ ನಿಧಾನವಾಗಿ ತಿರುಗಬೇಕಾದ ಪ್ರೊಪೆಲ್ಲರಿಗೂ ಸಂಬಂಧ ಕಲ್ಪಿಸುವುದು ಅವರ ಸಮಸ್ಯೆಯಾಗಿತ್ತು.

ಎರಡು ಚಕ್ರಗಳ ನಡುವೆ ಮೂರನೆಯ ಸಣ್ಣ ಚಕ್ರವೊಂದನ್ನು ಇಟ್ಟರೆ ಅದೇ ಟಾರ್ಕ್ ಕನ್ವರ್ಟರ್ ಆಗುತ್ತದೆ. ಎಂಜಿನ್ ತಿರುಗಿಸುವ ಚಕ್ರ ಇಂಪೆಲ್ಲರ್, ಎಣ್ಣೆಯ ಹೊಡೆತಕ್ಕೆ ತಿರುಗುವ ಚಕ್ರ ಟರ್ಬೈನ್, ನಡುವಿನದು ಸ್ಟೇಟರ್. ಟರ್ಬೈನಿಗೆ ಬಡಿದು ಹಿಂದಿರುಗುವ ಎಣ್ಣೆ ಇಂಪೆಲ್ಲರಿಗೆ ವಿರುದ್ಧ ದಿಕ್ಕಿನಲ್ಲಿ ಬಂದು ಅದನ್ನು ತಡೆಯಬಾರದಲ್ಲವೆ? ಸ್ಟೇಟರ್ ಅದರ ದಿಕ್ಕನ್ನು ತಿರುಗಿಸಿ, ಇಂಪೆಲ್ಲರಿಗೆ ಅನುಕೂಲವಾಗುವಂತೆ ಒಳಗೆ ಬಿಡುತ್ತದೆ. ಇದರಿಂದ ವಾಹನ ಹೊರಡುವ ಗಳಿಗೆಯಲ್ಲಿ ಟಾರ್ಕ್ ಸುಮಾರು ಎರಡು ಪಟ್ಟಾಗುತ್ತದೆ. ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಶಕ್ತಿಯ ನಿತ್ಯತೆಯ ನಿಯಮ ಇಲ್ಲಿಯೂ ಇದೆ. ಟಾರ್ಕ್ ಹೆಚ್ಚಿದಾಗ ವೇಗ ಅದಕ್ಕಿಂತ ಹೆಚ್ಚಾಗಿ ಇಳಿಯುತ್ತದೆ. ಉಳಿದ ಶಕ್ತಿ ಎಣ್ಣೆಯನ್ನು ಬಿಸಿ ಮಾಡುತ್ತದೆ. ಈ ಬಿಸಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಗೇರುಗಳು. ಸಾಮಾನ್ಯ ಗೇರ್‌ಬಾಕ್ಸಿನಲ್ಲಿ ಪಕ್ಕಪಕ್ಕದ ಹಲ್ಲುಚಕ್ರಗಳ ಜೋಡಿಗಳಿರುತ್ತವೆ. ಆಟೋಮ್ಯಾಟಿಕ್ಕಿನಲ್ಲಿ ಸೌರಮಂಡಲದಂತಹ ಒಂದು ಏರ್ಪಾಡಿದೆ. ನಡುವೆ ಸೂರ್ಯ ಗೇರು, ಅದರ ಸುತ್ತ ಮೂರು ಗ್ರಹ ಗೇರುಗಳು, ಎಲ್ಲವನ್ನೂ ಬಳಸಿ ಒಳಮುಖದ ಹಲ್ಲುಗಳಿರುವ ಉಂಗುರ ಗೇರು. ಗ್ರಹಗಳನ್ನು ಹೊತ್ತ ಚೌಕಟ್ಟಿಗೆ ಕ್ಯಾರಿಯರ್ ಎಂದು ಹೆಸರು. ಸೂರ್ಯ, ಉಂಗುರ, ಕ್ಯಾರಿಯರ್ ಈ ಮೂರರಲ್ಲಿ ಒಂದನ್ನು ತಿರುಗಿಸಿ, ಇನ್ನೊಂದನ್ನು ಹಿಡಿದು ನಿಲ್ಲಿಸಿದರೆ, ಮೂರನೆಯದರಿಂದ ಫಲ ಪಡೆಯಬಹುದು.

ಲೆಕ್ಕ ಮಾಡಿ ನೋಡಿ. ಸೂರ್ಯನಿಗೆ 36 ಹಲ್ಲು, ಒಂದೊಂದು ಗ್ರಹಕ್ಕೆ 18, ಉಂಗುರಕ್ಕೆ 72 ಇರಲಿ. ಉಂಗುರವನ್ನು ಹಿಡಿದು ಸೂರ್ಯನನ್ನು ಮೂರು ಸುತ್ತು ತಿರುಗಿಸಿದರೆ ಕ್ಯಾರಿಯರ್ ಒಂದು ಸುತ್ತು ತಿರುಗುತ್ತದೆ. ಸೂರ್ಯನನ್ನು ಹಿಡಿದು ಉಂಗುರವನ್ನು ಒಂದೂವರೆ ಸುತ್ತು ತಿರುಗಿಸಿದರೂ ಕ್ಯಾರಿಯರಿಗೆ ಒಂದೇ ಸುತ್ತು. ಕ್ಯಾರಿಯರನ್ನೇ ಹಿಡಿದರೆ ಸೂರ್ಯನ ಎರಡು ಸುತ್ತಿಗೆ ಉಂಗುರ ಒಂದು ಸುತ್ತು, ಅದೂ ಹಿಮ್ಮುಖವಾಗಿ. ಯಾವುದಾದರೂ ಎರಡನ್ನು ಒಟ್ಟಿಗೆ ಕಟ್ಟಿಬಿಟ್ಟರೆ ಇಡೀ ಜೋಡಣೆ ಒಂದೇ ಗಟ್ಟಿಯಂತೆ ತಿರುಗುತ್ತದೆ. ಒಂದೇ ಜೋಡಣೆಯಿಂದ ನಿಧಾನ, ಮಧ್ಯಮ, ನೇರ, ಹಿಮ್ಮುಖ ಎಲ್ಲವೂ ಸಿಕ್ಕವು. ಯಾವ ಹಲ್ಲನ್ನೂ ಇನ್ನೊಂದರಿಂದ ಬೇರ್ಪಡಿಸಲಿಲ್ಲ. ಇದರ ತತ್ವವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೇಜಿನ ಮೇಲೆ ದುಂಡಗಿನ ಪೆನ್ಸಿಲ್ ಇಟ್ಟು, ಅದರ ಮೇಲೆ ಸ್ಕೇಲ್ ಇಟ್ಟು ತಳ್ಳಿ. ಸ್ಕೇಲು 10 ಸೆಂಟಿಮೀಟರ್ ಮುಂದೆ ಹೋದಾಗ ಪೆನ್ಸಿಲು 5 ಸೆಂಟಿಮೀಟರ್ ಮಾತ್ರ ಉರುಳಿರುತ್ತದೆ. ಮೇಜು ನಿಂತ ಗೇರು, ಸ್ಕೇಲು ತಿರುಗಿಸುವ ಗೇರು, ಪೆನ್ಸಿಲು ಗ್ರಹ.

ಹಿಡಿಯುವ, ಕಟ್ಟುವ ಕೆಲಸವನ್ನು ಪೆಟ್ಟಿಗೆಯೊಳಗಿನ ಕ್ಲಚ್ಚುಗಳೂ ಪಟ್ಟಿಗಳೂ ಮಾಡುತ್ತವೆ. ಅವುಗಳನ್ನು ಒತ್ತುವುದು ಎಣ್ಣೆಯ ಒತ್ತಡ. ಆ ಒತ್ತಡ ಎಲ್ಲಿಂದ ಬರುತ್ತದೆ? ಗೇರ್‌ಬಾಕ್ಸಿನ ಮುಂಭಾಗದಲ್ಲೇ ಇರುವ ಒಂದು ಪಂಪಿನಿಂದ. ಪಂಪನ್ನು ತಿರುಗಿಸುವುದು ಟಾರ್ಕ್ ಕನ್ವರ್ಟರಿನ ಹಿಂದಿನ ಕೊಳವೆಯಂತಹ ಭಾಗ. ಎಂಜಿನ್ ತಿರುಗಿದರೆ ಕನ್ವರ್ಟರ್ ತಿರುಗುತ್ತದೆ. ಕನ್ವರ್ಟರ್ ತಿರುಗಿದರೆ ಪಂಪು. ಮನುಷ್ಯನಿಗೆ ಹೃದಯವಿದ್ದಂತೆ ಈ ಗೇರ್‌ಬಾಕ್ಸಿಗೆ ಈ ಪಂಪು. ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲಾಗದಿರುವುದಕ್ಕೂ, ಚಾಲಕ ಚಕ್ರಗಳು ನೆಲದ ಮೇಲೆ ಉರುಳುವಂತೆ ದೂರ ಎಳೆದೊಯ್ಯಬಾರದು ಎನ್ನುವುದಕ್ಕೂ ಕಾರಣ ಇದೇ. ಎಂಜಿನ್ ನಿಂತಿದ್ದರೆ ಪಂಪೂ ನಿಂತಿರುತ್ತದೆ. ಒಳಗೆ ತಿರುಗುವ ಭಾಗಗಳಿಗೆ ಎಣ್ಣೆ ಸಿಗುವುದಿಲ್ಲ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಎರಡು ಪೆಡಲಿನ ವಾಹನಗಳೆಲ್ಲ ಈ ಜಾತಿಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ನಮ್ಮ ದೇಶಕ್ಕೆ ಬಂದ ಎ.ಎಂ.ಟಿ. ಬಗೆಯಲ್ಲಿ ಇರುವುದು ಸಾಮಾನ್ಯ ಗೇರ್‌ಬಾಕ್ಸ್ ಮತ್ತು ಸಾಮಾನ್ಯ ಕ್ಲಚ್ಚೇ. ಅವನ್ನು ಒತ್ತುವ, ತಳ್ಳುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ನಾವು ಮಾತಾಡುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಬಗೆಯನ್ನು ಕುರಿತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1939ರಲ್ಲಿ ತನ್ನ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಹೈಡ್ರಾಮ್ಯಾಟಿಕ್ ಎಂಬ ದ್ರವ ಜೋಡಣೆಯ ಗೇರ್‌ಬಾಕ್ಸನ್ನು ತಂದಿತು. ಅದೇ ಸಂಸ್ಥೆಯಿಂದ 1969ರ ಮಾದರಿಯ ಕಾರುಗಳಿಗೆ ಬಂದ ಟರ್ಬೊ ಹೈಡ್ರಾಮ್ಯಾಟಿಕ್ 350 ಎಂಬುದನ್ನು ನಮ್ಮ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇದಕ್ಕೆ ಮೂರು ಮುಂಗೇರುಗಳು, ಅನುಪಾತ 2.52, 1.52 ಮತ್ತು 1. ಕಂಪ್ಯೂಟರಿನ ನೆರವಿಲ್ಲದೆ, ಎಣ್ಣೆಯ ಒತ್ತಡದಿಂದಲೇ ಎಲ್ಲವೂ ನಡೆಯುವುದರಿಂದ ಕಲಿಯುವವರಿಗೆ ಇದು ಒಳ್ಳೆಯ ಮಾದರಿ. ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಕಾಪಾಡಿಕೊಂಡು ಬಂದವರು ಇಂದಿಗೂ ಇದನ್ನು ಬಿಚ್ಚಿ ಜೋಡಿಸುತ್ತಾರೆ.

ಈಗ ಕೂರಿಸುವ ಕೆಲಸ. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ವಾಹನವನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರಿಯ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಯಾರೂ, ಯಾವ ಕಾರಣಕ್ಕೂ ಹೋಗಬಾರದು. ನಮ್ಮ ಉದಾಹರಣೆಯ ಗೇರ್‌ಬಾಕ್ಸಿನ ತೂಕ 50 ಕಿಲೋಗಿಂತ ಹೆಚ್ಚು. ಅದನ್ನು ಎತ್ತಲು ಪ್ರತ್ಯೇಕ ಜಾಕ್ ಬೇಕು.

ಮುಖ್ಯವಾದ ಕೆಲಸ ನಡೆಯುವುದು ಗೇರ್‌ಬಾಕ್ಸನ್ನು ಮೇಲೆ ಎತ್ತುವ ಮೊದಲೇ, ನೆಲದ ಮೇಲೆ. ಟಾರ್ಕ್ ಕನ್ವರ್ಟರನ್ನು ಗೇರ್‌ಬಾಕ್ಸಿನ ಮುಂಭಾಗದ ಗಂಟೆಯಾಕಾರದ ಬೆಲ್ ಹೌಸಿಂಗಿನೊಳಗೆ ಕೂರಿಸಬೇಕು. ಇಲ್ಲಿ ಕಣ್ಣಿಗೆ ಕಾಣದ ಮೂರು ಕೂಡಿಕೆಗಳಿವೆ. ಟರ್ಬೈನಿನ ಹಲ್ಲುಗಾಡಿ ಗೇರ್‌ಬಾಕ್ಸಿನ ಒಳಬರುವ ಶಾಫ್ಟಿಗೆ ಕೂಡಬೇಕು. ಸ್ಟೇಟರಿನ ಹಲ್ಲುಗಾಡಿ ಪಂಪಿಗೆ ಸೇರಿದ, ತಿರುಗದ ಕೊಳವೆಗೆ ಕೂಡಬೇಕು. ಕೊನೆಗೆ ಕನ್ವರ್ಟರಿನ ಕೊಳವೆಯ ತುದಿಯಲ್ಲಿರುವ ಎರಡು ಕಚ್ಚುಗಳು ಪಂಪಿನ ಒಳಗೇರಿನ ಎರಡು ನಾಲಗೆಗಳಿಗೆ ಕೂಡಬೇಕು. ಮೂರೂ ಒಂದರ ಹಿಂದೆ ಒಂದು, ಎಲ್ಲವೂ ಕತ್ತಲೆಯಲ್ಲಿ. ಕನ್ವರ್ಟರನ್ನು ಎರಡು ಕೈಯಲ್ಲಿ ಹಿಡಿದು, ಹಗುರವಾಗಿ ಒತ್ತುತ್ತ, ಅತ್ತಿತ್ತ ತಿರುಗಿಸಬೇಕು. ಒಂದೊಂದು ಕೂಡಿಕೆ ಆದಾಗಲೂ ಅದು ಟಕ್ಕೆಂದು ಸ್ವಲ್ಪ ಒಳಗೆ ಬೀಳುತ್ತದೆ.

ನಾನು ಆರಂಭದಲ್ಲಿ ಹೇಳಿದ ಸಂಗತಿಗೆ ಈಗ ಬರೋಣ. ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮವೊಂದಕ್ಕಾಗಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಇದೇ ಕೆಲಸವನ್ನು ಚಿತ್ರೀಕರಿಸುತ್ತಿದ್ದೆವು. ಹಿಂಚಕ್ರ ಚಾಲನೆಯ ಹಳೆಯ ಕಾರು. ಸಂಜೆಯಾಗುತ್ತ ಬಂದಿತ್ತು, ಬೆಳಕು ಇಳಿಯುತ್ತಿತ್ತು. ಗೇರ್‌ಬಾಕ್ಸ್ ಮೇಲೇರಿ ಎಂಜಿನ್ನಿನ ಹತ್ತಿರ ಬಂದು ನಿಂತಿತು. ನಡುವೆ ಒಂದು ಬೆರಳಿನಷ್ಟು ಸಂದು ಮಾತ್ರ ಉಳಿದಿತ್ತು. ಸಹಾಯಕ ಹುಡುಗ ಬೋಲ್ಟುಗಳನ್ನು ಸೇರಿಸಿಯೂ ಆಗಿತ್ತು. ನಾನು ಅವಸರಿಸಿದೆ.

“ಮೇಸ್ತ್ರಿಗಳೇ, ಇಷ್ಟೇ ತಾನೆ ಉಳಿದಿರುವುದು? ಬೋಲ್ಟು ಬಿಗಿದರೆ ತಾನಾಗಿ ಸೇರಿಕೊಳ್ಳುತ್ತದಲ್ಲ?” ಎಂದೆ.

ಮೇಸ್ತ್ರಿ ಸ್ಪ್ಯಾನರನ್ನು ಕೆಳಗಿಟ್ಟರು. “ಸಾರ್, ಬೋಲ್ಟು ಇರೋದು ಹಿಡಿಯೋಕೆ, ಎಳೆಯೋಕಲ್ಲ. ಕೈಲಿ ಸೇರಲಿಲ್ಲ ಅಂದ್ರೆ ಒಳಗೆ ಏನೋ ಕೂತಿಲ್ಲ ಅಂತ ಅರ್ಥ,” ಎಂದರು. ಹುಡುಗನಿಗೆ ಬೋಲ್ಟುಗಳನ್ನೆಲ್ಲ ಬಿಚ್ಚಲು ಹೇಳಿ, ಗೇರ್‌ಬಾಕ್ಸನ್ನು ಮತ್ತೆ ನೆಲಕ್ಕಿಳಿಸಿದರು. ಕನ್ವರ್ಟರನ್ನು ಅತ್ತಿತ್ತ ತಿರುಗಿಸಿದಾಗ ಮೂರನೆಯ ‘ಟಕ್’ ಕೇಳಿಸಿತು. ಎತ್ತುವಾಗ ಗೇರ್‌ಬಾಕ್ಸ್ ಮುಂದಕ್ಕೆ ವಾಲಿ, ಕನ್ವರ್ಟರ್ ಪಂಪಿನಿಂದ ಜಾರಿ ಬಂದಿತ್ತು. ನಮ್ಮ ಚಿತ್ರೀಕರಣ ಮರುದಿನಕ್ಕೆ ಹೋಯಿತು. ಆದರೆ ಪಂಪು ಉಳಿಯಿತು.

ನನ್ನ ಮಾತು ಕೇಳಿ ಬಿಗಿದಿದ್ದರೆ ಏನಾಗುತ್ತಿತ್ತು? ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ನೀವೂ ಹಾಕಬಹುದು. ಬೋಲ್ಟು ಒತ್ತುವ ಬಲವನ್ನು ಅಂದಾಜು ಮಾಡಲು ಒಂದು ಸರಳ ಸೂತ್ರವಿದೆ: ಬಿಗಿಯುವ ಟಾರ್ಕನ್ನು ಬೋಲ್ಟಿನ ವ್ಯಾಸದ ಐದನೆಯ ಒಂದು ಭಾಗದಿಂದ ಭಾಗಿಸಬೇಕು. 10 ಮಿಲಿಮೀಟರ್ ಬೋಲ್ಟನ್ನು 45 ನ್ಯೂಟನ್-ಮೀಟರಿನಷ್ಟು ಬಿಗಿದರೆ, 45 ಅನ್ನು 0.002ರಿಂದ ಭಾಗಿಸಿದಾಗ 22,500 ನ್ಯೂಟನ್ ಬರುತ್ತದೆ. ಅಂದರೆ ಎರಡು ಟನ್ನಿಗೂ ಹೆಚ್ಚಿನ ತೂಕ ಒತ್ತಿದಂತೆ, ಅದೂ ಒಂದೇ ಬೋಲ್ಟಿನಿಂದ. ಅಂತಹ ಆರು ಬೋಲ್ಟುಗಳಿದ್ದರೆ ಹದಿಮೂರು ಟನ್ನಿಗೂ ಮಿಕ್ಕಿದ ಬಲ. ಇದನ್ನು ಉಂಟುಮಾಡಲು ಕೈಗೆ ಬೇಕಾದದ್ದು ಒಂದು ಸಾಧಾರಣ ಸ್ಪ್ಯಾನರ್ ಮಾತ್ರ. ಸ್ಪ್ಯಾನರ್ ಹಿಡಿದವನಿಗೆ ಒಳಗೆ ಪಂಪಿನ ಗೇರು ಬಿರುಕು ಬಿಡುತ್ತಿರುವುದು ತಿಳಿಯುವುದೇ ಇಲ್ಲ. ಬೋಲ್ಟು ಸ್ವಲ್ಪ ಬಿಗಿಯಾಯಿತು ಎನ್ನಿಸುತ್ತದೆ, ಅಷ್ಟೆ. ಸಂದು ಮುಚ್ಚುತ್ತದೆ, ಹೊರಗಿನಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ಪಂಪಿನಲ್ಲಿ ಒತ್ತಡವಿಲ್ಲ, ಗೇರು ಹಿಡಿಯುವುದಿಲ್ಲ. ಇಡೀ ಗೇರ್‌ಬಾಕ್ಸನ್ನು ಮತ್ತೆ ಇಳಿಸಿ ಬಿಚ್ಚಬೇಕು.

ಆದ್ದರಿಂದ ತಿಳಿದವರು ‘ಕೂತಿರಬಹುದು’ ಎಂದು ನಂಬುವುದಿಲ್ಲ, ಅಳೆಯುತ್ತಾರೆ. ಬೆಲ್ ಹೌಸಿಂಗಿನ ಬಾಯಿಗೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟು, ಅಲ್ಲಿಂದ ಕನ್ವರ್ಟರಿನ ಬೋಲ್ಟು ಕೂರುವ ಮುಖದವರೆಗಿನ ಆಳವನ್ನು ಸ್ಕೇಲಿನಿಂದ ನೋಡುತ್ತಾರೆ. ಎಂಜಿನ್ನಿನ ಕಡೆ ಫ್ಲೈವೀಲಿನ ಜಾಗದಲ್ಲಿ ಫ್ಲೆಕ್ಸ್‌ಪ್ಲೇಟ್ ಎಂಬ ತೆಳುವಾದ ಉಕ್ಕಿನ ತಟ್ಟೆಯಿರುತ್ತದೆ. ಅದು ಎಂಜಿನ್ನಿನ ಹಿಂಮುಖದಿಂದ ಎಷ್ಟು ಹೊರಚಾಚಿದೆ ಎಂಬುದನ್ನೂ ಅಳೆಯುತ್ತಾರೆ. ಮೊದಲನೆಯ ಅಳತೆಯಿಂದ ಎರಡನೆಯದನ್ನು ಕಳೆದರೆ ನಮ್ಮ ಉದಾಹರಣೆಯಲ್ಲಿ ಸುಮಾರು 3 ಮಿಲಿಮೀಟರ್ ಉಳಿಯಬೇಕು. ಎರಡು ಮುಖಗಳೂ ಕೈಯಿಂದಲೇ ಪೂರ್ತಿ ಸೇರಿ, ಬೋಲ್ಟುಗಳು ಬಿಗಿಯಾದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಆಮೇಲೆ ಅದನ್ನು ಆ 3 ಮಿಲಿಮೀಟರ್ ಮುಂದಕ್ಕೆ ಎಳೆದು ಫ್ಲೆಕ್ಸ್‌ಪ್ಲೇಟಿಗೆ ಬೋಲ್ಟು ಹಾಕುತ್ತಾರೆ. ಸಂದು ಇಲ್ಲವೇ ಇಲ್ಲ ಎಂದರೆ ಕನ್ವರ್ಟರ್ ಪಂಪನ್ನು ಒತ್ತುತ್ತಿದೆ. ಸಂದು ತೀರ ಹೆಚ್ಚಾದರೆ ಕಚ್ಚುಗಳು ಪಂಪಿನಿಂದ ಹೊರಬರುವ ಅಪಾಯವಿದೆ. ಒಂದು ಗೇರ್‌ಬಾಕ್ಸಿನ ಅಳಿವು ಉಳಿವು ಈ ಕೆಲವೇ ಮಿಲಿಮೀಟರುಗಳಲ್ಲಿದೆ.

ಮುಂದಿನ ಕೆಲಸಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಣ್ಣೆ ಬಿಸಿಯಾಗುತ್ತದೆ ಎಂದಿದ್ದೆನಲ್ಲ. ಆ ಬಿಸಿಯನ್ನು ಕಳೆಯಲು ಎಣ್ಣೆಯನ್ನು ಎರಡು ಕೊಳವೆಗಳ ಮೂಲಕ ರೇಡಿಯೇಟರಿನೊಳಗಿನ ಕೂಲರಿಗೆ ಕಳಿಸಿ ಹಿಂದಕ್ಕೆ ತರುತ್ತಾರೆ. ಹಳೆಯ ಗೇರ್‌ಬಾಕ್ಸ್ ಸವೆದು ಕೆಟ್ಟಿದ್ದರೆ ಅದರ ಲೋಹದ ಪುಡಿ ಈ ಕೊಳವೆಗಳಲ್ಲಿ ಕುಳಿತಿರುತ್ತದೆ. ಅದನ್ನು ತೊಳೆಯದೆ ಹೊಸ ಗೇರ್‌ಬಾಕ್ಸ್ ಜೋಡಿಸಿದರೆ ಹಳೆಯದರ ರೋಗವನ್ನು ಹೊಸದಕ್ಕೆ ಅಂಟಿಸಿದಂತೆ. ಕನ್ವರ್ಟರಿಗೂ ಇದೇ ಮಾತು.

ಎಣ್ಣೆ ತುಂಬುವುದರಲ್ಲೂ ಕ್ರಮವಿದೆ. ಇದು ಎಂಜಿನ್ ಆಯಿಲ್ ಅಲ್ಲ. ತಯಾರಕರು ಹೇಳಿದ ದರ್ಜೆಯ ಪ್ರತ್ಯೇಕ ಎಣ್ಣೆ. ಸೋರಿಕೆ ಗುರುತಿಸಲು ಅನುಕೂಲವಾಗಲೆಂದು ಅದಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ನಮ್ಮ ಉದಾಹರಣೆಗೆ ಕನ್ವರ್ಟರ್ ಸೇರಿ ಒಂಬತ್ತು-ಹತ್ತು ಲೀಟರ್ ಬೇಕು. ಎಲ್ಲವನ್ನೂ ಒಮ್ಮೆಗೇ ಸುರಿದರೆ ತುಂಬಿ ಹರಿಯುತ್ತದೆ, ಏಕೆಂದರೆ ಖಾಲಿ ಕನ್ವರ್ಟರ್ ಪೂರ್ತಿ ತುಂಬುವುದು ಪಂಪು ತಿರುಗತೊಡಗಿದ ಮೇಲೆ. ಸ್ವಲ್ಪ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಕೂಡಲೇ ಮತ್ತೆ ಹಾಕುತ್ತ, ಬ್ರೇಕ್ ಒತ್ತಿ ಹಿಡಿದು ಎಲ್ಲ ಗೇರುಗಳಿಗೂ ಒಮ್ಮೊಮ್ಮೆ ತಂದು, ಬಿಸಿಯಾದ ಮೇಲೆ ಮಟ್ಟ ನೋಡಬೇಕು. ಬಿಸಿಗೆ ಎಣ್ಣೆ ಹಿಗ್ಗುವುದರಿಂದ ತಣ್ಣಗಿರುವಾಗಿನ ಮಟ್ಟವನ್ನು ನಂಬುವಂತಿಲ್ಲ. ಇಂದಿನ ಗೇರ್‌ಬಾಕ್ಸುಗಳಲ್ಲಿ ಕವಾಟಗಳನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಅದನ್ನೂ ಹೊಸ ಗೇರ್‌ಬಾಕ್ಸಿಗೆ ಹೊಂದಿಸಬೇಕಾಗುತ್ತದೆ.

ಕ್ಲಚ್ ಇರುವ ವಾಹನಕ್ಕೇ ಆಟೋಮ್ಯಾಟಿಕ್ ಹಾಕಿಸಬಹುದೆ ಎಂದು ನೀವು ಕೇಳಬಹುದು. ತಾಂತ್ರಿಕವಾಗಿ ಸಾಧ್ಯ. ಆದರೆ ಬದಲಾಗಬೇಕಾದದ್ದು ಪೆಟ್ಟಿಗೆಯೊಂದೇ ಅಲ್ಲ. ಫ್ಲೈವೀಲ್ ಹೋಗಿ ಫ್ಲೆಕ್ಸ್‌ಪ್ಲೇಟ್ ಬರಬೇಕು. ಕೂಲರ್ ಮತ್ತು ಅದರ ಕೊಳವೆಗಳು ಬರಬೇಕು. ಗೇರ್‌ಬಾಕ್ಸಿನ ಉದ್ದ ಬೇರೆಯಾದರೆ ಅದನ್ನು ಹೊರುವ ಅಡ್ಡತೊಲೆ ಸರಿಯಬೇಕು. ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಬದಲಿಸಿ ಮತ್ತೆ ಸಮತೋಲ ಮಾಡಿಸಬೇಕು. ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಸ್ಟಾರ್ಟ್ ಆಗುವಂತೆ ಒಂದು ಸುರಕ್ಷಾ ಸ್ವಿಚ್ ಬೇಕು. ಅದಿಲ್ಲದಿದ್ದರೆ ಕೀಲಿ ತಿರುಗಿಸಿದೊಡನೆ ವಾಹನ ಮುನ್ನುಗ್ಗಬಹುದು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆ ವಾಹನದ ಮಾರ್ಪಾಡಿಗೆ ಮಿತಿ ಹಾಕಿರುವುದರಿಂದ ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಇಂತಹ ಕೆಲಸಕ್ಕೆ ಕೈಹಾಕಬಾರದು. ಎಡಗಾಲಿನ ತೊಂದರೆಯಿಂದ ಕ್ಲಚ್ ಒತ್ತಲಾಗದವರಿಗೆ ಆಟೋಮ್ಯಾಟಿಕ್ ವಾಹನ ದೊಡ್ಡ ವರ ಎಂಬುದನ್ನೂ ಇಲ್ಲಿ ನೆನೆಯಬೇಕು.

ಮಿತ್ರರೇ, ವಿಜ್ಞಾನ ಪದವಿ ಪಡೆದಿದ್ದ ನನಗೆ ಬೋಲ್ಟಿನ ಸೂತ್ರ ಗೊತ್ತಿತ್ತು. ಆದರೆ ಆ ಸಂಜೆ ಅದು ನೆನಪಿಗೆ ಬರಲಿಲ್ಲ. ಆ ಸೂತ್ರವನ್ನು ಬರೆದು ತೋರಿಸಬೇಕಾದ ಅಗತ್ಯ ಮೇಸ್ತ್ರಿಗೆ ಎಂದೂ ಬಂದಿರಲಾರದು. ಅದರ ಸಾರ ಮಾತ್ರ ಅವರ ಕೈಯಲ್ಲಿತ್ತು. ನೀವು ಮುಂದೆ ಪ್ರಯೋಗಶಾಲೆಯಲ್ಲೋ ಕಾರ್ಯಾಗಾರದಲ್ಲೋ ಕೆಲಸ ಮಾಡುವಾಗ, ಸೇರಬೇಕಾದ ಎರಡು ಭಾಗಗಳು ಕೈಯಿಂದ ಸೇರದೆ ಹೋದರೆ ಬಲವನ್ನು ಹೆಚ್ಚಿಸುವ ಮೊದಲು ಒಂದು ಗಳಿಗೆ ನಿಲ್ಲಿ. ಬಿಚ್ಚಿ ನೋಡಿ, ಅಳೆದು ನೋಡಿ. ಬಿಚ್ಚಿ ಮತ್ತೆ ಜೋಡಿಸಿದ ಅರ್ಧ ದಿನ ನಷ್ಟವಲ್ಲ. ಮುರಿದ ಪಂಪನ್ನು ಮಾತ್ರ ಯಾವ ಬೋಲ್ಟೂ ಕೂಡಿಸಲಾರದು.